ಟೋಟಲ್ 97 ಬಂದರೆ 97 ಅಂತಲೇ ಬರೆಯಿರಿ

ಹೊರಗಿನ ಲ್ಯಾಬ್‌ಗಳಿಂದ ಬರುವ ಅನಾಲಿಸಿಸ್ ರಿಪೋರ್ಟ್‌ಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ರಿಪೋರ್ಟ್ ಕೈಗೆ ಬಂದ ಕೂಡಲೇ ನನ್ನ ಕಣ್ಣು ಹೋಗುವುದು ಕಟ್ಟಕಡೆಯ ಟೋಟಲ್ ಸಾಲಿಗೆ, ಅಂದರೆ ಸ್ಯಾಂಪಲ್‌ನಲ್ಲಿ ಸಿಕ್ಕ ಅಂಶಗಳ ಶೇಕಡಾವಾರನ್ನೆಲ್ಲ ಕೂಡಿದ ಮೊತ್ತಕ್ಕೆ. ಈಚೆಗೆ ಆ ಸಾಲಿನಲ್ಲಿ ಒಂದೇ ಅಂಕಿ ಕಾಣುತ್ತಿದೆ: 100.00. ಸುಣ್ಣದಕಲ್ಲಿಗೂ 100.00, ಬಾಕ್ಸೈಟ್‌ಗೂ 100.00, ಫರ್ನೇಸ್‌ನಿಂದ ಬಂದ ಸ್ಲ್ಯಾಗ್‌ಗೂ 100.00. ನೋಡಿದಾಗೆಲ್ಲ ಮೈ ಉರಿಯುತ್ತದೆ.

ನಿಜವಾಗಿ ಅಳೆದ ಅಂಕಿಗಳು ಯಾವತ್ತೂ ಅಷ್ಟು ಚೊಕ್ಕವಾಗಿ ಕೂಡುವುದಿಲ್ಲ. ಹತ್ತು ಆಕ್ಸೈಡ್‌ಗಳನ್ನು ಒಂದೊಂದಾಗಿ ಅಳೆದರೆ ಹತ್ತರಲ್ಲೂ ಅದರದರ ಸಣ್ಣ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಕೂಡಿದಾಗ 99.4 ಬರಬಹುದು, 100.3 ಬರಬಹುದು. ಪ್ರತಿ ಸಲವೂ 100.00 ಬರುತ್ತಿದೆ ಅಂದರೆ ಯಾರೋ ನಾರ್ಮಲೈಸ್ ಬಟನ್ ಒತ್ತಿದ್ದಾರೆ ಅಂತಲೇ ಅರ್ಥ. ಬಂದ ಮೊತ್ತ 97 ಇದ್ದರೆ ಸಾಫ್ಟ್‌ವೇರ್ ಎಲ್ಲ ಅಂಕಿಗಳನ್ನೂ ಒಂದಿಷ್ಟು ಹಿಗ್ಗಿಸುತ್ತದೆ, 103 ಇದ್ದರೆ ಕುಗ್ಗಿಸುತ್ತದೆ. ಕಾಣೆಯಾದ 3 ಎಲ್ಲಿ ಹೋಯಿತು ಅಂತ ಯಾರೂ ಕೇಳುವ ಹಾಗೇ ಇಲ್ಲ. ನನ್ನ ಪ್ರಕಾರ ರಿಪೋರ್ಟ್‌ನಲ್ಲಿ ಅತಿ ಹೆಚ್ಚು ವಿಷಯ ಹೇಳುವ ಸಾಲು ಅದೇ. ಅದರ ಬಾಯಿ ಮುಚ್ಚಿಸಿಬಿಡುತ್ತಾರೆ.

ಸುಣ್ಣದಕಲ್ಲನ್ನೇ ತೆಗೆದುಕೊಳ್ಳಿ. ಶುದ್ಧವಾಗಿದ್ದರೆ ಅದು ಬರೀ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಶೇಕಡಾ 56, ಉಳಿದ 44 ಕಾರ್ಬನ್ ಡೈಆಕ್ಸೈಡ್. ಎಕ್ಸ್-ರೇ ಬಿಟ್ಟು ಧಾತುಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಕ್ಯಾಲ್ಸಿಯಂ ಚೆನ್ನಾಗಿ ಕಾಣುತ್ತದೆ. ಇಂಥ ಪುಡಿಯಲ್ಲಿರುವ ಕಾರ್ಬನ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಈಗ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ ಯಂತ್ರಕ್ಕೆ ಇಟ್ಟು, ಕಂಡದ್ದನ್ನೆಲ್ಲ 100ಕ್ಕೆ ಹೊಂದಿಸು ಅಂತ ಸಾಫ್ಟ್‌ವೇರ್‌ಗೆ ಹೇಳಿದರೆ, ಆ 56 ಹಿಗ್ಗಿ 98, 99 ಆಗುತ್ತದೆ. ಕಾಗದದ ಮೇಲೆ ಸುಣ್ಣದಕಲ್ಲು ಸುಟ್ಟ ಸುಣ್ಣವಾಗಿಬಿಟ್ಟಿತು! ಟೋಟಲ್ ಮಾತ್ರ 100.00.

ಈ ಟೋಟಲ್ ಅನ್ನುವುದು ಬರುವುದೆಲ್ಲಿಂದ ಅಂತ ಸ್ವಲ್ಪ ಹೇಳುತ್ತೇನೆ. ಖನಿಜಗಳ ಅನಾಲಿಸಿಸ್ ಶುರುವಾದದ್ದು ತೂಕದಿಂದ. ಕಲ್ಲನ್ನು ಕರಗಿಸು, ಒಂದೊಂದೇ ಅಂಶವನ್ನು ಗಸಿಯಾಗಿ ಕೆಳಗಿಳಿಸು, ಸೋಸು, ಮೂಸೆಯಲ್ಲಿ ಸುಡು, ತೂಗು. ಸುಟ್ಟ ಮೇಲೆ ಉಳಿಯುವುದು ಹೆಚ್ಚಾಗಿ ಆಕ್ಸೈಡ್. ಹಾಗಾಗಿ ಆಕ್ಸೈಡ್ ಲೆಕ್ಕದಲ್ಲೇ ಬರೆಯುವ ರೂಢಿ ಬಂತು, ಇವತ್ತಿಗೂ ಬಿಟ್ಟಿಲ್ಲ. ಆದರೆ ಇವತ್ತಿನ ಎಕ್ಸ್‌ಆರ್‌ಎಫ್ ಆಗಲಿ, ದ್ರಾವಣವನ್ನು ಅತಿ ಬಿಸಿ ಪ್ಲಾಸ್ಮಾದಲ್ಲಿ ಓದುವ ಐಸಿಪಿ ಆಗಲಿ ಆಕ್ಸಿಜನ್ ಅಳೆಯುವುದಿಲ್ಲ. ಅದು ಕಬ್ಬಿಣವನ್ನು ಅಳೆಯುತ್ತದೆ, ನಾವು 1.43ರಿಂದ ಗುಣಿಸಿ ಫೆರಿಕ್ ಆಕ್ಸೈಡ್ ಅಂತ ಬರೆಯುತ್ತೇವೆ. ಆಕ್ಸಿಜನ್ ನಾವೇ ಸೇರಿಸಿದ್ದು. ನಮ್ಮ ಊಹೆ ಸರಿ ಇದ್ದರೆ ಟೋಟಲ್ 100ರ ಹತ್ತಿರ ಬರುತ್ತದೆ. ತಪ್ಪಿದ್ದರೆ ಬರುವುದಿಲ್ಲ, ಬರಲೂಬಾರದು.

ಇದಕ್ಕೆ ನನಗೆ ತುಂಬಾ ಇಷ್ಟವಾದ ಮೂರು ಕಥೆಗಳಿವೆ. ಹೊಸದಾಗಿ ಲ್ಯಾಬ್ ಸೇರಿದವರಿಗೆಲ್ಲ ಹೇಳುತ್ತಿರುತ್ತೇನೆ.

ಮೊದಲನೆಯದು 1817ರದ್ದು, ಸ್ಟಾಕ್‌ಹೋಮ್‌ನಲ್ಲಿ ನಡೆದದ್ದು. ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಅವರ ಲ್ಯಾಬ್‌ನಲ್ಲಿ ಆರ್ಫ್‌ವೆಡ್ಸನ್ ಅನ್ನುವ ಯುವಕ ಪೆಟಲೈಟ್ ಎಂಬ ಖನಿಜವನ್ನು ಬಿಡಿಸುತ್ತಿದ್ದರು. ಸಿಲಿಕಾ, ಅಲ್ಯೂಮಿನಾ ತೆಗೆದ ಮೇಲೆ ಒಂದು ಕ್ಷಾರ ಉಳಿಯಿತು, ಅದನ್ನು ಸಲ್ಫೇಟ್ ರೂಪದಲ್ಲಿ ತೂಗಿದರು. ಅದನ್ನು ಸೋಡಾ (ಸೋಡಿಯಂ ಆಕ್ಸೈಡ್) ಅಂದುಕೊಂಡು ಲೆಕ್ಕ ಹಾಕಿದರೆ ಮೊತ್ತ 100 ದಾಟುತ್ತಿತ್ತು. ಸೋಡಾ ಅಲ್ಲ ಅನ್ನುವುದಕ್ಕೆ ಅದೇ ಸುಳಿವು. ಕೊನೆಗೆ ಸಿಕ್ಕಿದ್ದು ಲಿಥಿಯಂ. ಇದರ ಲೆಕ್ಕ ನೋಡಿ, ಚೆನ್ನಾಗಿದೆ: ಸೋಡಿಯಂ ಸಲ್ಫೇಟ್‌ನ ತೂಕದಲ್ಲಿ ಸೋಡಾದ ಪಾಲು ಸುಮಾರು ಶೇಕಡಾ 44. ಲಿಥಿಯಂ ಸಲ್ಫೇಟ್‌ನಲ್ಲಿ ಲಿಥಿಯಂ ಆಕ್ಸೈಡ್‌ನ ಪಾಲು ಬರೀ 27. ಹಗುರವಾದ ಲೋಹವನ್ನು ಭಾರದ ಲೋಹ ಅಂತ ಲೆಕ್ಕ ಹಾಕಿದರೆ ಮೊತ್ತ ಉಬ್ಬುತ್ತದೆ.

ಎರಡನೆಯದು ಇದರ ತಿರುವು ಮುರುವು. 1846ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಪ್ಲಾಟ್ನರ್ ಅವರು ಎಲ್ಬಾ ದ್ವೀಪದಿಂದ ಬಂದ ಪೊಲ್ಯೂಸೈಟ್ ಖನಿಜವನ್ನು ಪರೀಕ್ಷಿಸಿದರು. ಮೊತ್ತ 93ರ ಆಸುಪಾಸು ನಿಂತಿತು. ಎಷ್ಟು ತಲೆ ಕೆಡಿಸಿಕೊಂಡರೂ ಉಳಿದದ್ದು ಸಿಗಲಿಲ್ಲ. ಸಿಗುವ ಹಾಗೂ ಇರಲಿಲ್ಲ, ಯಾಕೆಂದರೆ ಆ ಧಾತು ಯಾವುದು ಅಂತ ಆಗಿನ್ನೂ ಪ್ರಪಂಚಕ್ಕೇ ಗೊತ್ತಿರಲಿಲ್ಲ. 1860ರಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಸ್ಪೆಕ್ಟ್ರೋಸ್ಕೋಪ್‌ನಲ್ಲಿ ಸೀಸಿಯಂ ಕಂಡುಹಿಡಿದರು. 1864ರಲ್ಲಿ ಪಿಸಾನಿ ಅದೇ ಖನಿಜವನ್ನು ಮತ್ತೆ ಪರೀಕ್ಷಿಸಿ, ಪ್ಲಾಟ್ನರ್ ಪೊಟ್ಯಾಸಿಯಂ ಅಂದುಕೊಂಡದ್ದು ಸೀಸಿಯಂ ಅಂತ ತೋರಿಸಿದರು. ಇಲ್ಲಿ ಭಾರದ ಲೋಹವನ್ನು ಹಗುರ ಅಂತ ಲೆಕ್ಕ ಹಾಕಿದ್ದರಿಂದ ಮೊತ್ತ ಕುಸಿದಿತ್ತು. ಪ್ಲಾಟ್ನರ್ ತಮ್ಮ 93ನ್ನು ತಿದ್ದದೆ ಹಾಗೇ ಅಚ್ಚು ಹಾಕಿಸಿದ್ದರು. ಅದಕ್ಕೇ ಹದಿನೆಂಟು ವರ್ಷದ ಮೇಲೆ ಇನ್ನೊಬ್ಬರು ಅದನ್ನು ಬಿಡಿಸಲು ಆಯಿತು. ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ಮೂರನೆಯದೂ ಫ್ರೈಬರ್ಗ್‌ನದ್ದೇ. ಅಲ್ಲಿನ ಒಂದು ಬೆಳ್ಳಿ ಗಣಿಯಲ್ಲಿ 1885ರಲ್ಲಿ ಆರ್ಜಿರೋಡೈಟ್ ಅನ್ನುವ ಹೊಸ ಖನಿಜ ಸಿಕ್ಕಿತು. ಕ್ಲೆಮೆನ್ಸ್ ವಿಂಕ್ಲರ್ ಪರೀಕ್ಷೆಗೆ ಕೂತರು. ಬೆಳ್ಳಿ, ಗಂಧಕ, ಒಂದಿಷ್ಟು ಕಬ್ಬಿಣ, ಪಾದರಸ ಎಲ್ಲ ಕೂಡಿದರೂ ಸುಮಾರು 7 ಶೇಕಡಾ ಕೊರತೆ. ಎಷ್ಟು ಸಲ ಮಾಡಿದರೂ ಅಷ್ಟೇ ಕೊರತೆ. ಇದು ಮುಖ್ಯ: ಕೈತಪ್ಪಿನಿಂದ ಬರುವ ಕೊರತೆ ಒಂದೊಂದು ಸಲ ಒಂದೊಂದು ರೀತಿ ಇರುತ್ತದೆ, ನಿಜವಾದ ಕೊರತೆ ಜಾಗ ಬದಲಿಸುವುದಿಲ್ಲ. ವಿಂಕ್ಲರ್ ಬಿಡಲಿಲ್ಲ. 1886ರ ಫೆಬ್ರವರಿಯಲ್ಲಿ, ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಧಾರಾಳವಾಗಿ ಸುರಿದಾಗ ಬಿಳಿ ಗಸಿ ಇಳಿಯಿತು. ಕಡಿಮೆ ಆಸಿಡ್ ಇದ್ದಾಗ ಅದು ಕರಗಿಯೇ ಇರುತ್ತಿತ್ತು. ಅದು ಜರ್ಮೇನಿಯಂನ ಸಲ್ಫೈಡ್. ಮೆಂಡಲೀವ್ 1871ರಲ್ಲೇ ಇಂಥದ್ದೊಂದು ಧಾತು ಇರಬೇಕು, ಅದರ ಪರಮಾಣು ತೂಕ 72 ಇರಬೇಕು ಅಂತ ಹೇಳಿದ್ದರು. ಸಿಕ್ಕಿದ್ದೂ 72ರ ಮೇಲೆ ಒಂಚೂರು. ವಿಂಕ್ಲರ್ ಅವರ ಹತ್ತಿರ ನಾರ್ಮಲೈಸ್ ಬಟನ್ ಇದ್ದಿದ್ದರೆ?

ನಮ್ಮ ದಿನನಿತ್ಯದ ಕೆಲಸದಲ್ಲಿ ಹೊಸ ಧಾತು ಸಿಗುವುದಿಲ್ಲ, ನಿಜ. ಆದರೆ ಟೋಟಲ್ ಕಡಿಮೆ ಬಂದಾಗ ಹುಡುಕುವ ಜಾಗಗಳಿವೆ. ಮೊದಲು ಎಲ್‌ಓಐ, ಅಂದರೆ ಸುಟ್ಟಾಗ ಕಳೆಯುವ ತೂಕ. ಒಣಗಿಸಿದ ಪುಡಿಯನ್ನು ಒಂದು ಗ್ರಾಮಿನಷ್ಟು ತೂಗಿ ಮಫಲ್ ಫರ್ನೇಸ್‌ನಲ್ಲಿ 1000 ಡಿಗ್ರಿಗೆ ಇಟ್ಟು, ಡೆಸಿಕೇಟರ್‌ನಲ್ಲಿ ಆರಿಸಿ ಮತ್ತೆ ತೂಗುವುದು. ಲ್ಯಾಬ್‌ನ ಅತ್ಯಂತ ಸರಳ ಪರೀಕ್ಷೆ ಅಂತ ಹೊಸಬರ ಕೈಗೆ ಕೊಡುತ್ತಾರೆ. ನನಗೆ ಆ ಪದ್ಧತಿ ಇಷ್ಟವಿಲ್ಲ. ಬಾಕ್ಸೈಟ್‌ನಲ್ಲಿರುವ ಗಿಬ್ಸೈಟ್ ತನ್ನ ತೂಕದಲ್ಲಿ 34.6 ಶೇಕಡಾ ನೀರನ್ನು ಕಳೆದುಕೊಳ್ಳುತ್ತದೆ, ಕಾಯೊಲಿನೈಟ್ ಜೇಡಿ 14 ಶೇಕಡಾ, ಜಿಪ್ಸಂ 20.9. ಇಷ್ಟು ದೊಡ್ಡ ಪಾಲನ್ನು ಅಳೆಯುವ ಪರೀಕ್ಷೆ ಸಣ್ಣದು ಹೇಗಾಗುತ್ತದೆ? ಜಿಪ್ಸಂ ಇರುವ ಪುಡಿಯನ್ನು ಮಾಮೂಲಿನಂತೆ 105 ಡಿಗ್ರಿಯಲ್ಲಿ ಒಣಗಿಸಿದರೆ ಅದರ ಹರಳಿನೊಳಗಿನ ನೀರೇ ಹೊರಡಲು ಶುರುವಾಗುತ್ತದೆ. ಆಗ ತೇವಾಂಶ ಯಾವುದು, ಎಲ್‌ಓಐ ಯಾವುದು ಅನ್ನುವುದೇ ಕಲಸಿಹೋಗುತ್ತದೆ. ಅಂಥ ಮಾಲನ್ನು 45 ಡಿಗ್ರಿ ದಾಟಿಸದೆ ಒಣಗಿಸಬೇಕು.

ಮ್ಯಾಗ್ನಟೈಟ್ ಅದಿರಿನದು ಇನ್ನೂ ಮಜವಾದ ವಿಷಯ. ಅದನ್ನು ಸುಟ್ಟರೆ ತೂಕ ಏರುತ್ತದೆ. ಒಳಗಿನ ಫೆರಸ್ ಕಬ್ಬಿಣ, ಅಂದರೆ ಕಡಿಮೆ ಆಕ್ಸಿಜನ್ ಹಿಡಿದ ಕಬ್ಬಿಣ, ಗಾಳಿಯಿಂದ ಆಕ್ಸಿಜನ್ ಹೀರಿ ಫೆರಿಕ್ ಆಗುತ್ತದೆ. ಶುದ್ಧ ಮ್ಯಾಗ್ನಟೈಟ್‌ಗೆ ಈ ಏರಿಕೆ ಸುಮಾರು 3.5 ಶೇಕಡಾ. ಹಾಗಾಗಿ ಎಲ್‌ಓಐ ಮೈನಸ್ 3.5 ಅಂತ ಬರೆಯಬೇಕು. ಈ ಮೈನಸ್ ಚಿಹ್ನೆಯನ್ನು ಟೈಪಿಂಗ್ ತಪ್ಪು ಅಂದುಕೊಂಡು ಅಳಿಸುವವರಿದ್ದಾರೆ, ಸೊನ್ನೆ ಮಾಡುವವರಿದ್ದಾರೆ. ಅದೇ ಅದಿರಿನ ಕಬ್ಬಿಣವನ್ನೆಲ್ಲ ಫೆರಿಕ್ ಆಕ್ಸೈಡ್ ಅಂತ ಲೆಕ್ಕ ಹಾಕಿದರೆ 103.5 ಬರುತ್ತದೆ. ಎರಡನ್ನೂ ಕೂಡಿ, ಸರಿಯಾಗಿ 100. ಮೈನಸ್ ಅಳಿಸಿದರೆ ಟೋಟಲ್ ಕೂಡುವುದೇ ಇಲ್ಲ.

ಟೋಟಲ್ ಜಾಸ್ತಿ ಬಂದಾಗ ನಾನು ಮೊದಲು ನೋಡುವುದು ಗಂಧಕ, ಫ್ಲೋರಿನ್, ಲೋಹದ ರೂಪದ ಕಬ್ಬಿಣ. ಪೈರೈಟ್ ಅಂದರೆ ಬರೀ ಕಬ್ಬಿಣ ಮತ್ತು ಗಂಧಕ, ಆಕ್ಸಿಜನ್ ಒಂದು ಚೂರೂ ಇಲ್ಲ. ಅದನ್ನು ಫೆರಿಕ್ ಆಕ್ಸೈಡ್ ಮತ್ತು ಸಲ್ಫರ್ ಟ್ರೈಆಕ್ಸೈಡ್ ಅಂತ ಬರೆದರೆ ಮೊತ್ತ ಎಷ್ಟಾಗುತ್ತದೆ ಗೊತ್ತಾ? 200. ಕೈಯಲ್ಲೇ ಲೆಕ್ಕ ಹಾಕಿ ನೋಡಿ, 120 ಗ್ರಾಂ ಪೈರೈಟ್ 240 ಗ್ರಾಂ ಆಗುತ್ತದೆ. ಅರ್ಧಕ್ಕರ್ಧ ನಾವೇ ಸೇರಿಸಿದ ಆಕ್ಸಿಜನ್. ಫ್ಲೋರೈಟ್‌ನಲ್ಲೂ ಇದೇ ಪಾಡು. ಕ್ಯಾಲ್ಸಿಯಂ ಅನ್ನು ಆಕ್ಸೈಡ್ ಅಂತ, ಫ್ಲೋರಿನ್ ಅನ್ನು ಬೇರೆಯಾಗಿ ಬರೆದರೆ 120 ದಾಟುತ್ತದೆ. ಅದಕ್ಕೆ ಫ್ಲೋರಿನ್ ಅಂಕಿಯನ್ನು 0.421ರಿಂದ ಗುಣಿಸಿ ಟೋಟಲ್‌ನಿಂದ ಕಳೆಯುವ ಹಳೆಯ ರೂಢಿ ಇದೆ. ಈಗಿನ ಎಷ್ಟೋ ರಿಪೋರ್ಟ್‌ಗಳಲ್ಲಿ ಆ ಸಾಲೇ ಮಾಯ. ಇನ್ನು ಸ್ಪಾಂಜ್ ಕಬ್ಬಿಣದಂಥ ಮಾಲಿನಲ್ಲಿ ಕಬ್ಬಿಣ ಲೋಹವಾಗಿಯೇ ಇರುತ್ತದೆ. ಅದನ್ನು ಆಕ್ಸೈಡ್ ಲೆಕ್ಕದಲ್ಲಿ ಬರೆಯುವುದಕ್ಕೆ ಅರ್ಥವೇ ಇಲ್ಲ.

ಎಕ್ಸ್‌ಆರ್‌ಎಫ್ ಬಗ್ಗೆ ದೂರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಸರಿಯಾಗಿ ಮಾಡಿದರೆ ಅದರಷ್ಟು ಒಳ್ಳೆಯ ಯಂತ್ರ ಇಲ್ಲ. ಸರಿಯಾಗಿ ಅಂದರೆ ಪುಡಿ ಬಿಲ್ಲೆ ಬಿಟ್ಟು ಗಾಜಿನ ಬೀಡ್ ಮಾಡಬೇಕು. ಸಿಲಿಕಾನ್, ಅಲ್ಯೂಮಿನಿಯಂಗಳ ಎಕ್ಸ್-ರೇ ಬಿಲ್ಲೆಯ ಮೇಲ್ಪದರದ ಕೆಲವೇ ಮೈಕ್ರಾನ್ ಆಳದಿಂದ ಮಾತ್ರ ಹೊರಗೆ ಬರುತ್ತದೆ. ಪುಡಿಯ ಕಾಳು ಅದಕ್ಕಿಂತ ದಪ್ಪ ಇದ್ದರೆ ಯಂತ್ರ ಓದುವುದು ಮೇಲೆ ಕೂತ ಕಾಳುಗಳನ್ನಷ್ಟೇ. ಬೀಡ್‌ನಲ್ಲಿ ಈ ತಕರಾರಿಲ್ಲ. ಪುಡಿಗೆ ಲಿಥಿಯಂ ಬೋರೇಟ್ ಬೆರೆಸಿ, ಪ್ಲಾಟಿನಂಗೆ ಶೇಕಡಾ 5 ಚಿನ್ನ ಸೇರಿಸಿ ಮಾಡಿದ ಮೂಸೆಯಲ್ಲಿ 1050 ಡಿಗ್ರಿಯ ಆಸುಪಾಸು ಕರಗಿಸಿ, ಅಚ್ಚಿಗೆ ಸುರಿಯುತ್ತೇವೆ. ಖನಿಜದ ಕಾಳು ಅನ್ನುವುದೇ ಉಳಿಯುವುದಿಲ್ಲ. ಆರಿದ ಬೀಡನ್ನು ನಾನು ಯಾವಾಗಲೂ ದೀಪಕ್ಕೆ ಹಿಡಿದು ನೋಡುತ್ತೇನೆ. ಬಿಳಿ ಚುಕ್ಕೆ ಕಂಡರೆ ಏನೋ ಕರಗದೆ ಉಳಿದಿದೆ, ಹೆಚ್ಚಾಗಿ ಕ್ರೋಮೈಟ್ ಅಥವಾ ಜಿರ್ಕಾನ್ ಇರುವ ಸ್ಯಾಂಪಲ್‌ಗಳಲ್ಲಿ. ಅದನ್ನು ಓದಿಸುವುದೇ ಇಲ್ಲ. ಪೈರೈಟ್ ಇರುವ ಪುಡಿಯನ್ನು ಮೊದಲೇ ನೈಟ್ರೇಟ್ ಹಾಕಿ ನಿಧಾನ ಬಿಸಿಯಲ್ಲಿ ಆಕ್ಸಿಡೈಸ್ ಮಾಡದೆ ನೇರ ಕರಗಿಸಿದರೆ ಪ್ಲಾಟಿನಂ ಮೂಸೆಯೇ ಹಾಳು. ಇನ್ನೊಂದು ಸಣ್ಣ ಮಾತು: ಬೀಡ್ ಅಚ್ಚಿಗೆ ಅಂಟದಿರಲಿ ಅಂತ ಚಿಟಿಕೆ ಲಿಥಿಯಂ ಬ್ರೋಮೈಡ್ ಹಾಕುತ್ತೇವಲ್ಲ, ಆ ಬ್ರೋಮಿನ್‌ನ ಒಂದು ಎಕ್ಸ್-ರೇ ಗೆರೆ ಅಲ್ಯೂಮಿನಿಯಂ ಗೆರೆಯ ಮೇಲೇ ಕೂರುತ್ತದೆ. ಅಲ್ಯೂಮಿನಾ ಕಡಿಮೆ ಇರುವ ಅದಿರಿನಲ್ಲಿ ಸುಮ್ನೆ ಒಂದಿಷ್ಟು ಅಲ್ಯೂಮಿನಾ ಹುಟ್ಟಿಕೊಂಡರೆ ಅಲ್ಲಿ ಹುಡುಕಿ.

ಆದರೂ ಕಬ್ಬಿಣದ ಅದಿರಿಗೆ ನಾನು ಟೈಟ್ರೇಶನ್, ಅಂದರೆ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವ ಹಳೆಯ ವಿಧಾನ, ಬಿಟ್ಟುಕೊಡುವುದಿಲ್ಲ. ಟೋಟಲ್ ಮೇಲೆ ಅನುಮಾನ ಬಂದಾಗ ಬೇರೆ ದಾರಿಯಿಂದ ಬಂದ ಇನ್ನೊಂದು ಸಾಕ್ಷಿ ಬೇಕಲ್ವಾ? ಅದಿರನ್ನು ಬಿಸಿ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿದರೆ ಗಾಢ ಹಳದಿ ದ್ರಾವಣ ಸಿಗುತ್ತದೆ. ಫೆರಿಕ್ ಕಬ್ಬಿಣವನ್ನು ಫೆರಸ್‌ಗೆ ಇಳಿಸಲು ಬಿಸಿ ಇರುವಾಗಲೇ ಸ್ಟ್ಯಾನಸ್ ಕ್ಲೋರೈಡ್ ಹನಿ ಹನಿಯಾಗಿ ಬಿಡಬೇಕು. ಹಳದಿ ತೆಳುವಾಗುತ್ತಾ ಬಂದು ಒಂದು ಹನಿಗೆ ಪೂರ್ತಿ ಹೋಗುತ್ತದೆ. ಅಲ್ಲಿಂದ ಒಂದೆರಡು ಹನಿ, ಅಷ್ಟೇ. ತಣ್ಣಗೆ ಮಾಡಿ ಮರ್ಕ್ಯುರಿಕ್ ಕ್ಲೋರೈಡ್ ಹಾಕಿದಾಗ ರೇಷ್ಮೆಯಂಥ ತೆಳ್ಳನೆ ಬಿಳಿ ಗಸಿ ಬರಬೇಕು. ಬೂದು ಬಣ್ಣ ಬಂತೋ, ಸ್ಟ್ಯಾನಸ್ ಜಾಸ್ತಿಯಾಗಿ ಪಾದರಸವೇ ಬಿಡುಗಡೆಯಾಗಿದೆ ಅಂತ ಅರ್ಥ. ಆ ಫ್ಲಾಸ್ಕನ್ನು ಅಲ್ಲಿಗೇ ಬಿಟ್ಟು ಹೊಸದಾಗಿ ಶುರು ಮಾಡಬೇಕು. ಆಮೇಲೆ ಸಲ್ಫ್ಯೂರಿಕ್ ಮತ್ತು ಫಾಸ್ಫಾರಿಕ್ ಆಸಿಡ್ ಮಿಶ್ರಣ. ಫಾಸ್ಫಾರಿಕ್ ಆಸಿಡ್ ಫೆರಿಕ್ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಹಳದಿ ಏಳದಂತೆ ನೋಡಿಕೊಳ್ಳುತ್ತದೆ, ಕೊನೆಯ ಬಣ್ಣ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ಇಂಡಿಕೇಟರ್ ಹಾಕಿ ಬ್ಯೂರೆಟ್‌ನಿಂದ ಡೈಕ್ರೋಮೇಟ್ ಬಿಡುತ್ತಾ ಹೋದರೆ ಮೊದಲು ಹಸಿರು, ಕಡುಹಸಿರು, ಆಮೇಲೆ ಒಂದೇ ಹನಿಗೆ ನೇರಳೆ. ಆ ಹನಿಯನ್ನು ನೋಡುವುದು ಇವತ್ತಿಗೂ ನನಗೆ ಖುಷಿ. ಪಾದರಸದ ವಿಷದಿಂದಾಗಿ ಈಗ ನಾವು ಅದರ ಬದಲು ಟೈಟಾನಿಯಂ ಕ್ಲೋರೈಡ್‌ನಿಂದ ಕಬ್ಬಿಣವನ್ನು ಫೆರಸ್‌ಗೆ ಇಳಿಸುತ್ತೇವೆ. ಆ ಬದಲಾವಣೆ ಬಂದದ್ದು ಒಳ್ಳೆಯದೇ ಆಯಿತು.

ಹೀಗೆ ಬಂದ ಕಬ್ಬಿಣ 65.0 ಇದ್ದರೆ ಫೆರಿಕ್ ಆಕ್ಸೈಡ್ 92.9 ಆಗಬೇಕು. ಎಕ್ಸ್‌ಆರ್‌ಎಫ್ 94.5 ಹೇಳುತ್ತಿದ್ದರೆ ಇಬ್ಬರಲ್ಲಿ ಒಬ್ಬರು ತಪ್ಪು. ಶುದ್ಧ ಹೆಮಟೈಟ್‌ನಲ್ಲಿ, ಅಂದರೆ ಬರೀ ಫೆರಿಕ್ ಆಕ್ಸೈಡ್ ಆಗಿರುವ ಖನಿಜದಲ್ಲಿ, ಕಬ್ಬಿಣ 69.94ಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ ಅನ್ನುವುದನ್ನೂ ನೆನಪಿಡಿ. ಹೆಮಟೈಟ್ ಅಂತ ಹೆಸರು ಬರೆದು 70.5 ಅಂತ ಅಂಕಿ ಕೊಟ್ಟ ರಿಪೋರ್ಟನ್ನೂ ಓದಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ಟೋಟಲ್‌ಗೆ ಕಾಣದ ವಿಷಯಗಳನ್ನೂ ಹೇಳಬೇಕು. ಅಮೆರಿಕದ ಭೂವೈಜ್ಞಾನಿಕ ಸರ್ವೆ 1951ರಲ್ಲಿ ಒಂದು ವರದಿ ಪ್ರಕಟಿಸಿತು. ಒಂದು ಗ್ರಾನೈಟ್, ಡಯಾಬೇಸ್ ಎಂಬ ಒಂದು ಕಪ್ಪು ಕಲ್ಲು, ಎರಡನ್ನೂ ಚೆನ್ನಾಗಿ ಪುಡಿ ಮಾಡಿ ಜಿ-1, ಡಬ್ಲ್ಯೂ-1 ಅಂತ ಹೆಸರಿಟ್ಟು ಬೇರೆ ಬೇರೆ ಲ್ಯಾಬ್‌ಗಳಿಗೆ ಕಳಿಸಿದ್ದರು. ಒಂದೇ ಪುಡಿಗೆ ಬಂದ ಉತ್ತರಗಳು ಎಲ್ಲರೂ ಅಂದುಕೊಂಡದ್ದಕ್ಕಿಂತ ಎಷ್ಟೋ ದೂರ ದೂರ ಇದ್ದವು. ಸಿಲಿಕಾ ಒಂದರಲ್ಲೇ ಶೇಕಡಾ 1ಕ್ಕಿಂತ ಹೆಚ್ಚು ಅಂತರ. ಟೋಟಲ್ ಯಾಕೆ ಇದನ್ನು ಹಿಡಿಯುವುದಿಲ್ಲ ಅನ್ನುವುದು ಹಳೆಯ ತೂಕದ ವಿಧಾನ ಮಾಡಿದವರಿಗೆ ಗೊತ್ತು. ಸಿಲಿಕಾವನ್ನು ಆಸಿಡ್‌ನಲ್ಲಿ ಒಣಗಿಸಿ ಸೋಸುವಾಗ ಸ್ವಲ್ಪ ಭಾಗ ಫಿಲ್ಟರ್ ದಾಟಿ ಹೋಗುತ್ತದೆ. ಮುಂದೆ ಅಮೋನಿಯಾ ಹಾಕಿದಾಗ ಅಲ್ಯೂಮಿನಾ ಜೊತೆ ಇಳಿದು ಅಲ್ಯೂಮಿನಾ ಲೆಕ್ಕಕ್ಕೆ ಸೇರುತ್ತದೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡಿತು. ಟೋಟಲ್ 100, ಎರಡೂ ಅಂಕಿ ತಪ್ಪು. ಇದಕ್ಕೆ ಮದ್ದು ಒಂದೇ, ಉತ್ತರ ಗೊತ್ತಿರುವ ಸ್ಟ್ಯಾಂಡರ್ಡ್ ಸ್ಯಾಂಪಲ್ ಅನ್ನು ಪ್ರತಿ ಬ್ಯಾಚ್ ಜೊತೆ ಓಡಿಸುವುದು.

ಸ್ಯಾಂಪಲಿಂಗ್ ತಪ್ಪಂತೂ ಟೋಟಲ್‌ನ ಕಣ್ಣಿಗೆ ಬೀಳುವುದೇ ಇಲ್ಲ. ರಾಶಿಯಲ್ಲಿ ದಪ್ಪ ಚೂರುಗಳು ಉರುಳಿ ಅಂಚಿಗೆ ಹೋಗುತ್ತವೆ, ನುಣ್ಣನೆಯದು ನಡುವೆ ನಿಲ್ಲುತ್ತದೆ. ಎರಡರ ಗುಣ ಬೇರೆ. ಅಂಚಿನಿಂದ ಒಂದು ಸಲಿಕೆ ತೆಗೆದು ಎಷ್ಟು ಚೆನ್ನಾಗಿ ಪರೀಕ್ಷೆ ಮಾಡಿದರೂ ಅದು ಆ ಸಲಿಕೆಯ ಉತ್ತರ, ರಾಶಿಯದಲ್ಲ. ರಿಂಗ್ ಮಿಲ್‌ನಲ್ಲಿ ಅರೆಯುವಾಗಲೂ ಅಷ್ಟೇ. ಕ್ರೋಮ್ ಸ್ಟೀಲ್ ಬಟ್ಟಲಾದರೆ ಕಬ್ಬಿಣ, ಕ್ರೋಮಿಯಂ ಸೇರುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಆದರೆ ಟಂಗ್‌ಸ್ಟನ್ ಮತ್ತು ಕೋಬಾಲ್ಟ್. ಯಾವ ಬಟ್ಟಲಲ್ಲಿ ಅರೆದಿರಿ ಅಂತ ಲ್ಯಾಬ್‌ನವರನ್ನು ಕೇಳುವ ಹಕ್ಕು ಸ್ಯಾಂಪಲ್ ಕಳಿಸುವವರಿಗಿದೆ, ಕೇಳಿ.

ಮೊನ್ನೆ ಒಂದು ಗಾಜಿನ ಪುಡಿ ಬಂದಿತ್ತು. ಬೀಡ್ ಮಾಡಿ ಓದಿಸಿದರೆ ಟೋಟಲ್ 87ರ ಹತ್ತಿರ. ಎಲ್‌ಓಐ ಹೆಚ್ಚುಕಡಿಮೆ ಸೊನ್ನೆ. ನಮ್ಮ ಲ್ಯಾಬ್‌ಗೆ ಹೊಸದಾಗಿ ಸೇರಿದ ಹುಡುಗಿ ಓಡಿ ಬಂದು, "ಮೇಡಂ, ಇನ್ನೊಂದು ಬೀಡ್ ಮಾಡಿದೆ, ಅದೂ 87. ಏನೋ ಒಂದು ನಮ್ಮ ಲಿಸ್ಟ್‌ನಲ್ಲೇ ಇಲ್ಲ ಅನ್ಸುತ್ತೆ" ಅಂದಳು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಕೈಲಿದ್ದ ಕೆಲಸ ಬಿಟ್ಟು ಅವಳ ಜೊತೆ ಕೂತೆ. ಗಾಜು, ಎರಡು ಸಲವೂ ಒಂದೇ ಕೊರತೆ, ಸೋಡಾ ಕಡಿಮೆ, ಸಿಲಿಕಾ ಜಾಸ್ತಿ. ಬೋರಾನ್ ಇರಬೇಕು ಅಂತ ಇಬ್ಬರಿಗೂ ಅನಿಸಿತು. ಬೀಡ್ ಕರಗಿಸಲು ಬೆರೆಸುವ ಫ್ಲಕ್ಸೇ ಬೋರೇಟ್ ಆಗಿರುವಾಗ ಅದರಲ್ಲಿ ಬೋರಾನ್ ಅಳೆಯುವ ಪ್ರಶ್ನೆಯೇ ಇಲ್ಲ. ಬೇರೆಯಾಗಿ ಸೋಡಿಯಂ ಕಾರ್ಬೊನೇಟ್ ಜೊತೆ ಕರಗಿಸಿ, ಆಸಿಡ್‌ನಲ್ಲಿ ಬಿಡಿಸಿ ಐಸಿಪಿಗೆ ಕೊಟ್ಟೆವು. ಮೂಸೆಯಿಂದ ಹೊರಬಂದ ಮೇಲೆ ಕೊನೆಯವರೆಗೆ ಪ್ಲಾಸ್ಟಿಕ್ ಪಾತ್ರೆಗಳೇ. ಲ್ಯಾಬ್‌ನ ಬೀಕರ್‌ಗಳೂ ಬೋರೋಸಿಲಿಕೇಟ್ ಗಾಜಿನವೇ ಆದ್ದರಿಂದ ಅವುಗಳಿಂದಲೂ ಬೋರಾನ್ ಬಿಡಬಹುದು. ಬೋರಾನ್ ಆಕ್ಸೈಡ್ 12ರ ಮೇಲೆ ಬಂತು, ಟೋಟಲ್ 99.5 ಮುಟ್ಟಿತು.

ರಿಪೋರ್ಟ್‌ನಲ್ಲಿ ಎಕ್ಸ್‌ಆರ್‌ಎಫ್ ಮೊತ್ತ ಒಂದು ಸಾಲು, ಐಸಿಪಿ ಬೋರಾನ್ ಒಂದು ಸಾಲು, ಎರಡೂ ಸೇರಿದ ಟೋಟಲ್ ಇನ್ನೊಂದು ಸಾಲು ಅಂತ ಬೇರೆ ಬೇರೆಯಾಗಿ ಬರೆದು ಕಳಿಸಿದೆವು. ಉಳಿದ 0.5ನ್ನು ಹಾಗೇ ಬಿಟ್ಟಿದ್ದೇವೆ.